ಪಾಂಡವರ ಮನಿಗೆ ಹೋಗಿ ಬಂದದ್ದು

ಗಂಭೀರವಾದ ಕೆಲಸ ಅಂತ ಎಲ್ಲಿಗೆ ಹೊರಟರೂ ಅಲ್ಲಿ ಏನಾದರೊಂದು ಆಗಿ ನಗೆಪಾಟಲಾಗುವುದು ನನಗೆ ರೂಢಿಯಾಗಿಬಿಟ್ಟಿದೆ. ಎಂಬತ್ತು, ತೊಂಬತ್ತರ ದಶಕದಲ್ಲಿ ನಾನು ಚಿಕ್ಕೋಡಿಯ ಒಂದು ಹೈಸ್ಕೂಲಿನಲ್ಲಿ ಇತಿಹಾಸದ ಮಾಸ್ತರನಾಗಿದ್ದೆ. ಅಕ್ಕೋಳದ ಆಚೆ ಒಂದು ಸಣ್ಣ ಹಳ್ಳಿ. ಅಲ್ಲಿಯ ಮಡ್ಡಿಯ ಮೇಲೆ, ಹುಲ್ಲೂ ಸರಿಯಾಗಿ ಬೆಳೆಯದ ಕಲ್ಲುನೆಲದಲ್ಲಿ, ಬಹಳ ಹಿಂದಿನ ಕಾಲದವರು ನಿಲ್ಲಿಸಿದ ಚಪ್ಪಡಿಗಳಿದ್ದವು. ಮೂರು ಕಡೆ ನೆಟ್ಟ ಕಲ್ಲು, ಮುಂದೆ ದುಂಡನೆಯ ಕಿಂಡಿ ಕೊರೆದ ಇನ್ನೊಂದು ಕಲ್ಲು, ಮೇಲೆ ಎಮ್ಮೆ ಮಲಗಿದಂಥ ಒಂದು ಮುಚ್ಚಳ. ಕೋಟೆಗಳಿಗಿಂತ, ಗುಡಿಗಳಿಗಿಂತ ಹಳೆಯವು. ಊರಿನವರು ಅದನ್ನು ‘ಪಾಂಡವರ ಮನಿ’ ಅನ್ನುತ್ತಿದ್ದರು. ನಾನು ವರ್ಷಕ್ಕೆ ಮೂರು ನಾಲ್ಕು ಸಲ ಅಲ್ಲಿಗೆ ಹೋಗುತ್ತಿದ್ದೆ.

ಇಸ್ತ್ರಿ ಅಂಗಿ

ಮೊದಲ ಸಲ ಹೋದಾಗ ನಾನಿನ್ನೂ ಮದುವೆಯಾಗದ ಹುಡುಗ. ಧಾರವಾಡದಿಂದ ಹೊಸದಾಗಿ ಬಂದವನು. ಬಸ್ಸಿನಿಂದಿಳಿದು, ಕಟ್ಟೆಯ ಮೇಲೆ ಕೂತವರನ್ನು ಕೇಳಿದೆ, “ಪಾಂಡವರ ಮನಿ ಎಲ್ಲೈತ್ರಿ?”

ಒಬ್ಬರು ನನ್ನನ್ನು ಕೆಳಗಿನಿಂದ ಮೇಲಿನವರೆಗೆ ನೋಡಿ, ನಕ್ಕು, ಬೇವಿನ ಗಿಡದ ಹಿಂದಿನ ಮನೆ ತೋರಿಸಿದರು. ಆ ಮನೆಯಲ್ಲಿ ಐದು ಮಂದಿ ಅಣ್ಣತಮ್ಮಂದಿರು, ಊರೆಲ್ಲ ಅವರಿಗೂ ಪಾಂಡವರು ಅನ್ನುತ್ತದೆ ಎಂದು ನನಗೇನು ಗೊತ್ತು? ದೊಡ್ಡಣ್ಣ ಬಾಗಿಲಿಗೇ ಬಂದ. “ಬರ್ರಿ ಬರ್ರಿ, ಒಬ್ಬರ ಬಂದ್ರಿ? ಹಿರ್ಯಾರನ್ನ ಕರಕೊಂಡ ಬರಬೇಕಿತ್ತು” ಅಂದ. ಕಾಲಿಗೆ ನೀರು ಕೊಟ್ಟರು. ಉಪ್ಪಿಟ್ಟು ಬಂತು, ಚಾ ಬಂತು. ಈ ಕಡೆಯ ಜನ ಕಲ್ಲು ನೋಡಲು ಬಂದವನಿಗೂ ಇಷ್ಟು ಆದರ ಮಾಡುತ್ತಾರಲ್ಲ ಎಂದು ನನ್ನ ಮನಸ್ಸು ತುಂಬಿ ಬಂತು.

“ಹೆಂಗ, ನೋಡೂಣೇನ್ರಿ?” ಅಂದ ದೊಡ್ಡಣ್ಣ.

“ಅದಕ್ಕ ಬಂದೇನ್ರಿ. ಎರಡೂವರೆ ಸಾವಿರ ವರ್ಷರ ಆಗಿರಬೇಕು ಅಂತ ನನ್ನ ಅಂದಾಜ.”

ಐದೂ ಮಂದಿ ಮುಖ ಮುಖ ನೋಡಿಕೊಂಡರು. “ಏನು ಎರಡೂವರೆ ಸಾವಿರ?”

“ಕಲ್ಲರೀ. ನಾ ಕಲ್ಲು ನೋಡಾಕ ಬಂದೇನಿ.”

“ನಮ್ಮ ತಂಗಿಗಿ ಕಲ್ಲು ಅಂತೀರೇನ್ರಿ?” ಎಂದು ಎರಡನೆಯವನು ಎದ್ದೇಬಿಟ್ಟ. ಅಷ್ಟರಲ್ಲಿ ಬಾಗಿಲ ಹಿಂದಿನಿಂದ ಒಂದು ಹುಡುಗಿ ನಕ್ಕ ಸದ್ದು ಕೇಳಿತು. “ಅಣ್ಣಾ, ಅವರು ಮಡ್ಡಿ ಮ್ಯಾಲಿನ ಕಲ್ಲು ನೋಡಾಕ ಬಂದಾರ. ಸುಮ್ನ ಕಳಸ ಅವರನ್ನ. ನಾನೂ ಸೀರಿ ಬದಲಿ ಮಾಡ್ತೀನಿ, ಶಕಿ ಆಗಾಕತ್ತೈತಿ.”

ಎಲ್ಲರೂ ಸಮಾಧಾನಗೊಂಡರು. ಕಿರಿಯವನೊಬ್ಬ ಮಾತ್ರ ಮಡ್ಡಿಯವರೆಗೂ ನನ್ನ ಜೊತೆ ನಡೆಯುತ್ತ ಅದನ್ನೇ ಕೇಳುತ್ತಿದ್ದ: “ಕಲ್ಲು ನೋಡಾಕ ಇಸ್ತ್ರಿ ಅಂಗಿ ಯಾಕ ಹಾಕ್ಕೊಂಡ ಬಂದ್ರಿ?”

ಸುಣ್ಣ

ಆ ಮಡ್ಡಿ ಅದೇ ಅಣ್ಣತಮ್ಮಂದಿರದು. ಹೀಗಾಗಿ ಪರಿಚಯ ಬೆಳೆಯಿತು. ಒಂದು ಭಾನುವಾರ ಹೋದರೆ ಐವರೂ ಹಾರೆ, ಸುತ್ತಿಗೆ ಹಿಡಿದು ಕಲ್ಲಿನ ಸುತ್ತ ನಿಂತಿದ್ದರು. ಹೊಸ ಬಾವಿಗೆ ಕಟ್ಟೆ ಕಟ್ಟಬೇಕು, ಇಲ್ಲಿ ಇಷ್ಟು ಕಲ್ಲು ಸುಮ್ಮನೆ ಬಿದ್ದಿವೆಯಲ್ಲ ಎಂಬುದು ಅವರ ಲೆಕ್ಕ.

ಓಡಿಹೋಗಿ ಅಡ್ಡ ನಿಂತೆ. ಇತಿಹಾಸ, ಕಾಯಿದೆ, ಸರಕಾರ, ಎಲ್ಲ ಹೇಳಿದೆ. ಯಾವುದೂ ನಾಟಲಿಲ್ಲ. ಹಾರೆಯನ್ನು ಮುಚ್ಚಳದ ಸಂದಿಗೆ ಹಾಕಿಯೂಬಿಟ್ಟರು. ಕಡೆಗೆ ಕಿಂಡಿಗೆ ಬೆನ್ನು ಕೊಟ್ಟು ಕೂತು ಅಂದೆ, “ದೊಡ್ಡಣ್ಣಾರ, ಇದನ್ನ ನಿಮ್ಮ ಮುತ್ತಜ್ಜನ ಮುತ್ತಜ್ಜ ನಿಲ್ಲಿಸಿದ್ರ ಏನ ಮಾಡ್ತೀರಿ?”

ದೊಡ್ಡಣ್ಣ ಸುತ್ತಿಗೆ ಇಳಿಸಿದ. “ಖಾತ್ರಿ ಏನ್ರಿ?”

“ಅಲ್ಲ ಅನ್ನಾಕೂ ಖಾತ್ರಿ ಇಲ್ಲರಿ.”

ದೊಡ್ಡಣ್ಣ ಸಂದಿಯಿಂದ ಹಾರೆ ತೆಗೆಸಿ, ತಮ್ಮಂದಿರಿಗೆ “ನಡೀರಿ, ಹಳ್ಳದಾಗಿನ ಕಲ್ಲು ತರೂಣು” ಅಂದ. ನಾನು ಗೆದ್ದ ಖುಷಿಯಲ್ಲಿ ಚಿಕ್ಕೋಡಿಗೆ ಬಂದು ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಹೇಳಿದೆ.

ದೀಪಾವಳಿ ಮುಗಿದ ಮೇಲೆ ಮತ್ತೆ ಹೋದೆ. ದೂರದಿಂದಲೇ ಮಡ್ಡಿ ಫಳಫಳ ಹೊಳೆಯುತ್ತಿತ್ತು. ಹತ್ತಿರ ಹೋದರೆ ಎಲ್ಲ ಚಪ್ಪಡಿಗಳಿಗೂ ಎರಡೆರಡು ಕೈ ಸುಣ್ಣ, ಕೆಳಗೆ ಕೆಮ್ಮಣ್ಣಿನ ಪಟ್ಟಿ, ಮುಚ್ಚಳದ ಮೇಲೆ ಚೆಂಡುಹೂವಿನ ಮಾಲೆ. ನಾನು ತಲೆಯ ಮೇಲೆ ಕೈಹೊತ್ತು, “ಇದೇನ ಮಾಡಿದ್ರಿ! ಹಳೇ ಕಲ್ಲು ಹಳೇದಾಗೇ ಕಾಣಬೇಕರೀ” ಅಂದೆ.

ದೊಡ್ಡಣ್ಣನಿಗೆ ಸಿಟ್ಟು ಬಂತು. “ನಿಮ್ಮ ಹಿರ್ಯಾರನ್ನ ನೀವು ಹೆಂಗರ ಇಟಗೋರಿ ಮಾಸ್ತರ. ನಮ್ಮವರು ದೀಪಾವಳಿಗಿ ಸುಣ್ಣ ಇಲ್ದ ಎಂದೂ ಕುಂತವರಲ್ಲ.”

ಹದಿನಾಲ್ಕು ಗುಳಿ

ಎರಡು ಮಳೆಗಾಲಕ್ಕೆ ಸುಣ್ಣ ತೊಳೆದುಹೋಯಿತು. ಆಮೇಲೆ ಧೈರ್ಯ ಮಾಡಿ ದೂರದ ಊರಿನ ಒಬ್ಬ ದೊಡ್ಡ ವಿದ್ವಾಂಸರಿಗೆ ಕಾಗದ ಬರೆದೆ. ಅವರು ಟೇಪ್ ರೆಕಾರ್ಡರ್ ಹಿಡಿದುಕೊಂಡೇ ಬಂದರು. ಕಲ್ಮನೆಯ ಪಕ್ಕ ನೆಲಕ್ಕೆ ಹಾಸಿದ ಒಂದು ಬಂಡೆ. ಅದರ ಮೇಲೆ ಏಳೇಳರಂತೆ ಎರಡು ಸಾಲು ಗುಳಿ. ವಿದ್ವಾಂಸರು ಮೊಳಕಾಲೂರಿ ಕೂತೇಬಿಟ್ಟರು. ಟೇಪ್ ಹಚ್ಚಿ ಒಂದು ತಾಸು ಮಾತಾಡಿದರು. ಚಂದ್ರ ಬೆಳೆಯುವ ಹದಿನಾಲ್ಕು ದಿನ, ಹುಣ್ಣಿಮೆಯ ಲೆಕ್ಕ, ಆದಿಮಾನವನ ಪಂಚಾಂಗ. ನಾನು ಬಾಯಿ ತೆರೆದು ಕೇಳಿದೆ.

ಅಣ್ಣತಮ್ಮಂದಿರ ತಾಯಿ ಎಮ್ಮೆ ಹೊಡೆದುಕೊಂಡು ಅಲ್ಲಿಗೆ ಬಂದವರು ಪಾಪ, ಪೂರ್ತಿ ಕೇಳಿಸಿಕೊಂಡರು. ಆಮೇಲೆ ಮೆಲ್ಲಗೆ ಅಂದರು, “ಅವನ್ನ ನಮ್ಮ ಮಾವ ಕಡದಾರ್ರಿ.”

ವಿದ್ವಾಂಸರು ಟೇಪ್ ಬಂದ್ ಮಾಡಿದರು.

“ನಾ ಮದಿವ್ಯಾಗಿ ಬಂದಾಗ ಸಣ್ಣಾಕಿ. ತವರಮನಿ ನೆನಸಿ ಇಲ್ಲೇ ಕುಂತ ಅಳತಿದ್ನಿ. ಎಮ್ಮಿ ಮೇಸೂ ಮುಂದ ಬ್ಯಾಸರಾ ಕಳೀಲಿ ಅಂತ ಮಾವ ಉಳಿಲೆ ಕಡದ ಕೊಟ್ರು. ಹುಣಸಿ ಬೀಜ ಹಾಕಿ ಆಡೂದು.” ಅಷ್ಟು ಹೇಳಿ ಸೆರಗಿನ ಗಂಟು ಬಿಚ್ಚಿದರು. ಬೀಜ ಅದರಲ್ಲೇ ಇದ್ದವು.

ವಿದ್ವಾಂಸರು ಒಳ್ಳೆಯ ಮನುಷ್ಯರು. ಕೂತು ಆಡಿದರು. ಮೂರು ಆಟ ಆಡಿ ಮೂರೂ ಸೋತರು. ಹೊರಡುವಾಗ ನಾನು ಅಂಜುತ್ತ, “ಸರ್, ಗುಳಿಯ ಬಗ್ಗೆ ಏನು ಬರೆಯುತ್ತೀರಿ?” ಎಂದು ಕೇಳಿದೆ.

ಅಂಗಿಯ ಧೂಳು ಕೊಡವುತ್ತ ಅಂದರು, “ಹೆಚ್ಚಿನ ಅಧ್ಯಯನ ಅಗತ್ಯ ಅಂತ. ಆ ತಾಯಿ ನಡುವಿನ ಗುಳಿಯಿಂದ ಹೇಗೆ ಎತ್ತಿದರು ಅನ್ನುವುದೇ ನನಗೆ ತಿಳಿಯಲಿಲ್ಲ.”

ಕಿಂಡಿ

ನಮ್ಮ ಶಾಲೆಯ ಭೂಗೋಳದ ಮಾಸ್ತರರು ಮೈಯಲ್ಲಿ ದಷ್ಟಪುಷ್ಟ, ಊಟದಲ್ಲಿ ಇನ್ನೂ. ನಾನು ಸ್ಟಾಫ್ ರೂಮಿನಲ್ಲಿ ಈ ಕಲ್ಲಿನ ಬಗ್ಗೆ ವಿವರಿಸುವಾಗಲೆಲ್ಲ ಅವರಿಗೆ ನಿದ್ದೆ ಬಂದಿರುತ್ತಿತ್ತು. ಒಂದು ರಜೆಯ ದಿನ ಅಳತೆ ತೆಗೆಯಲು ನನ್ನ ಜೊತೆ ಬಂದರು. ಕಿಂಡಿಯಲ್ಲಿ ಒಂದು ಕೈ, ಒಂದು ತಲೆ, ಇನ್ನೊಂದು ಕೈ ಎಂದು ಹೇಗೋ ಒಳಗೆ ಸೇರಿದರು. ಟೇಪು ಹಿಡಿದು ಅಳತೆ ಕೂಗಿದರು. ಬರೆದುಕೊಂಡೆ.

“ಒಳಗ ಭಾಳ ತಂಪ ಐತಿ ನೋಡ್ರಿ. ಬುತ್ತಿ ಇತ್ತಾಗ ಕೊಡ್ರಿ” ಅಂದರು.

ಕೊಟ್ಟೆ. ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಮೊಸರು. ನನ್ನ ಪಾಲೂ ಅದರಲ್ಲೇ ಇತ್ತು. ತೇಗಿದ್ದು ಹೊರಗೆ ಕೇಳಿಸಿತು. ಆಮೇಲೆ ಹೊರಗೆ ಬರಲು ನೋಡಿದರೆ ತಲೆ ಬಂತು, ಒಂದು ಭುಜ ಬಂತು, ಹೊಟ್ಟೆ ಬರಲಿಲ್ಲ. ನಾನು ಎಳೆದೆ. ದೊಡ್ಡಣ್ಣ ಬಂದು ಎಳೆದ. ಅವನ ತಾಯಿ ಮನೆಯಿಂದ ಶೇಂಗಾ ಎಣ್ಣೆ ತಂದು ಸುರಿದರು. ಮಾಸ್ತರರು ಮಿಂಚಿದರೇ ಹೊರತು ಜಾರಲಿಲ್ಲ. ಮತ್ತೆ ಒಳಗೆ ಸರಿದು ಕೂತರು. ಅವರ ದನಿ ಸಣ್ಣದಾಗತೊಡಗಿದ್ದನ್ನು ಕೇಳಿ ನನಗೂ ನಿಜವಾಗಿ ಅಂಜಿಕೆ ಹತ್ತಿತು.

ಉಂಡದ್ದು ಕರಗುವವರೆಗೆ ಕಾಯುವುದು ಎಂದಾಯಿತು. ಬೇಸರ ಕಳೆಯಲು ತಾಯಿ ಕೇಳಿದರು, “ಅಲ್ರಿ ಮಾಸ್ತರ, ಇಷ್ಟ ಸಣ್ಣ ಕಿಂಡ್ಯಾಗ ಆ ಪಾಂಡವರು ದಿನಾ ಹೆಂಗ ಹೊರಗ ಬರತಿದ್ರು?”

“ಒಳಗಿದ್ದವರು ಹೊರಗ ಬರತಿದ್ದಿಲ್ಲವ್ವಾ” ಅಂದೆ. “ಇದು ಮನಿ ಅಲ್ಲ, ಗೋರಿ. ಸತ್ತವರ ಎಲುಬು ಕಿಂಡ್ಯಾಗಿಂದ ಒಳಗ ಇಡತಿದ್ರು.”

ಮರುಕ್ಷಣ ಇಬ್ಬರು ಎಳೆದರೂ ಬಾರದ ಮಾಸ್ತರರು, ಅಂಗಿಯ ಅರ್ಧ ಕಲ್ಲಿಗೆ ಬಿಟ್ಟು, ಹೊರಗೆ ಬಂದು ಊರಿನ ಬೇವಿನ ಗಿಡದ ಕಡೆಗೆ ಓಡುತ್ತಿದ್ದರು. ಬುತ್ತಿಯ ಡಬ್ಬಿ ಒಳಗೇ ಉಳಿಯಿತು.

ಚಿಕ್ಕೋಡಿಯಲ್ಲಿ ಬಸ್ಸಿಳಿದು ಅವರನ್ನು ಮನೆಯವರೆಗೆ ಬಿಟ್ಟುಬರಲು ಹೋದೆ. ಹೆಣ ಮಣ್ಣು ಮಾಡಿ ಬಂದವರಂತೆ ಹೊಸ್ತಿಲ ಹೊರಗೇ ನಿಂತು ಹೆಂಡತಿಗೆ ಕೂಗಿ ಹೇಳಿದರು, “ಒಳಗ ಬರೂದಿಲ್ಲ, ಮೊದಲ ತಲಿ ಮ್ಯಾಲೆ ನೀರು ಹಾಕು. ಮಣ್ಣಿಗೆ ಹೋಗಿ ಬಂದೇನಿ.”

ಹೆಂಡತಿ ಗಾಬರಿಯಾಗಿ ಕೊಡ ಹಿಡಿದು ಓಡಿಬಂದರು. “ಅಯ್ಯ, ಯಾರದ್ರಿ ಮಣ್ಣು?”

“ನಂದ ಆಗೂದಿತ್ತು,” ಅಂದರು ಮಾಸ್ತರರು, “ನಡುವ ಎದ್ದ ಬಂದೆ.”