ಲ್ಯಾಪ್‌ಟಾಪಿಗೆ ಬಂದ ಪೊರೆ

ನಾನು ಯಾವುದನ್ನೂ ಸುಲಭವಾಗಿ ನಂಬುವವನಲ್ಲ. ವಿಶ್ವವಿದ್ಯಾಲಯದಲ್ಲಿ ಕಲಿತದ್ದರಲ್ಲಿ ನನ್ನಲ್ಲಿ ಉಳಿದಿರುವುದು ಇದೊಂದೇ ಎಂದು ನನ್ನ ಹೆಂಡತಿ ಗಿರಿಜಾ ಹೇಳುತ್ತಾಳೆ. ದೇವರನ್ನು, ಪಂಚಾಂಗವನ್ನು, ಶಿಕಾರಿಪುರದ ಬಸ್ ನಿಲ್ದಾಣದ ಗೋಡೆಯ ಮೇಲಿನ ವೇಳಾಪಟ್ಟಿಯನ್ನು ಅನುಮಾನಿಸಿ ಅನುಮಾನಿಸಿ ದಣಿದ ಮೇಲೆ ಈಚೆಗೆ ನನ್ನ ನೆನಪನ್ನೇ ಅನುಮಾನಿಸತೊಡಗಿದ್ದೇನೆ. ಇದು ಇನ್ನೂ ಆಯಾಸದ ಕೆಲಸ. ಬಸ್ಸು ಬಾರದಿದ್ದರೆ ಬರಲಿಲ್ಲವೆಂದು ಗೊತ್ತಾಗುತ್ತದೆ. ನೆನಪು ಹಾಗಲ್ಲ, ತಪ್ಪಾಗಿಯೇ ಬಂದು ಸೀಟು ಹಿಡಿದು ಕೂತುಬಿಡುತ್ತದೆ. ಆದ್ದರಿಂದ ಮುಂದೆ ನಾನು ಎಲ್ಲೆಲ್ಲಿ ಜಾಣನಾಗಿ ಕಾಣುತ್ತೇನೋ ಅಲ್ಲೆಲ್ಲ ಓದುಗರು ಸ್ವಲ್ಪ ಕಳೆದು ಓದಬೇಕು.

ನಮ್ಮೂರಿನಲ್ಲಿ ಕಂಪ್ಯೂಟರ್ ಎಂದರೆ ಇನ್ನೂ ಚಪ್ಪಲಿ ಬಿಟ್ಟು ಒಳಗೆ ಹೋಗಿ ನೋಡುವ ವಸ್ತು. ಅಂಥದ್ದರಲ್ಲಿ ನನ್ನ ಹತ್ತಿರ ಒಂದು ಲ್ಯಾಪ್‌ಟಾಪ್ ಇದೆ. ನನಗೆ ಪಾಠ ಹೇಳಿದ ಪ್ರೊಫೆಸರೊಬ್ಬರು ಹೊಸದನ್ನು ಕೊಂಡಾಗ ಹಳೆಯದನ್ನು ನನಗೆ ದಾಟಿಸಿದರು. ತೊಡೆಯ ಮೇಲೆ ಇಟ್ಟುಕೊಳ್ಳುವ ಯಂತ್ರವೆಂದು ಹೆಸರು. ಇಟ್ಟುಕೊಂಡರೆ ಕಾಲು ಜೋಮು ಹಿಡಿಯುತ್ತದೆ. ಬೂದು ಪರದೆ, ಅದರ ಮೇಲೆ ನೀಲಿ ಅಕ್ಷರ. ಕಾಲೇಜಿನಲ್ಲಿ ನಾನು ಹೇಳುವ ಭೌತಶಾಸ್ತ್ರದ ಪಾಠಗಳನ್ನು ಅದರಲ್ಲಿ ಟೈಪು ಮಾಡಿಕೊಳ್ಳುತ್ತೇನೆ. ಆಯುಧಪೂಜೆಯ ದಿನ ಗಿರಿಜಾ ಅದಕ್ಕೂ ಮೂರು ಬೆರಳಿನ ವಿಭೂತಿ ಎಳೆಯುತ್ತಾಳೆ. ಹೋದ ವರ್ಷ ಪರದೆಯ ಮೂಲೆಗಳಲ್ಲಿ ಗೋಡೆಗೆ ನೀರಿಳಿದಂತೆ ಕಪ್ಪು ಹಬ್ಬತೊಡಗಿತು. ಅದೇ ಹೊತ್ತಿಗೆ ಮನೆಯಲ್ಲಿ ಒಂದು ಹುಳಿ ವಾಸನೆ. ದೋಸೆ ಹಿಟ್ಟು, ಮಜ್ಜಿಗೆ, ಉಪ್ಪಿನಕಾಯಿ ಜಾಡಿ ಎಲ್ಲದರ ವಿಚಾರಣೆ ನಡೆದು, ಎಲ್ಲವೂ ನಿರಪರಾಧಿಗಳೆಂದು ಬಿಡುಗಡೆಯಾದವು. ಕೊನೆಗೆ ಗಿರಿಜಾ ಲ್ಯಾಪ್‌ಟಾಪಿಗೆ ಮೂಗು ತಾಗಿಸಿ, ಹಳಸಿರುವುದು ಇದೇ ಎಂದು ತೀರ್ಪು ಕೊಟ್ಟಳು. ಗಾಜಿನ ಮೇಲೆ ಅಂಟಿಸಿದ ತೆಳುವಾದ ಹಾಳೆಯೊಂದು ಕೊಳೆಯುತ್ತಿತ್ತು. ಅದು ಗಾಜಿಗೆ ಗೀರು ಬೀಳದಿರಲೆಂದು ಹಾಕಿದ ಹೊದಿಕೆ, ಕಿತ್ತರೆ ಮುಗಿಯಿತು ಎಂದುಕೊಂಡೆ.

ಅದೇ ವಾರ ನನ್ನ ಅತ್ತೆ ಉಳವಿಯಿಂದ ಬಂದಿಳಿದರು. ಬಂದರು ಎನ್ನುವುದಕ್ಕಿಂತ ತಪ್ಪಿಸಿಕೊಂಡರು ಎನ್ನಬೇಕು. ಅವರ ಎರಡೂ ಕಣ್ಣಿಗೆ ಪೊರೆ. ಸೊರಬದ ಕಣ್ಣಿನ ಶಿಬಿರದಲ್ಲಿ ಮಗ ಹೆಸರು ಬರೆಸಿದ್ದು ತಿಳಿದ ಕೂಡಲೇ ಮಗಳ ಮನೆಯ ದಾರಿ ಹಿಡಿದಿದ್ದರು. ಆ ತಿಂಗಳಲ್ಲೇ ಮೆಟ್ಟಿಲು ಕಾಣದೆ ಬಿದ್ದು ಮೊಣಕೈ ಊದಿಸಿಕೊಂಡಿದ್ದರು. ಇನ್ನೂ ತಡಮಾಡಿದರೆ ಕಣ್ಣೇ ಹೋದೀತೆಂದು ಡಾಕ್ಟರು ಹೇಳಿಯಾಗಿತ್ತು. ಶಿಬಿರ ಬರುವ ಭಾನುವಾರ. ಗಿರಿಜಾ ಬೇಡಿಕೊಂಡಳು, ಸಿಟ್ಟಾದಳು, ಅತ್ತಳು. ಅತ್ತೆ ಜಗ್ಗಲಿಲ್ಲ.

ನಾನು ಬ್ಲೇಡು, ಸ್ಪಿರಿಟ್ಟು, ಹತ್ತಿ ಹರಡಿಕೊಂಡು ಕೂತಾಗ ಅವರು ಪಕ್ಕಕ್ಕೆ ಬಂದು, ಏನು ಮಾಡುತ್ತಿದ್ದೀರೆಂದು ಕೇಳಿದರು. ಮೇಷ್ಟ್ರ ಚಾಳಿ, ಎಲ್ಲದಕ್ಕೂ ಒಂದು ಉದಾಹರಣೆ ಕೊಡದಿದ್ದರೆ ಆಗುವುದಿಲ್ಲ. ಇದಕ್ಕೂ ಪೊರೆ ಬಂದಿದೆ, ತೆಗೆಯುತ್ತಿದ್ದೇನೆ ಎಂದುಬಿಟ್ಟೆ.

"ತೆಗೆದ್ರೆ ಕಾಣುತ್ತಾ?"

"ಸ್ವಚ್ಛ ಕಾಣುತ್ತೆ ಅತ್ತೆ."

"ಹಂಗಾದ್ರೆ ತೆಗೀರಿ, ನೋಡಣ. ಇದು ಸರಿ ಹೋದ್ರೆ ಭಾನುವಾರ ನಾನೂ ಹೋಗ್ತೀನಿ."

ಅಡುಗೆಮನೆಯಲ್ಲಿ ಸೌಟಿನ ಸದ್ದು ನಿಂತಿತು. ಗಿರಿಜಾ ನನ್ನನ್ನು ಬಾಗಿಲಾಚೆ ಕರೆದಳು. "ರೀ, ನಿಮ್ಮ ಕೈಲಿ ಆಗುತ್ತೇನ್ರೀ? ಆಗದಿದ್ರೆ ಈಗಲೇ ಮುಚ್ಚಿಟ್ಟುಬಿಡಿ. ಅವ್ವನ ಕಣ್ಣಿನ ಮೇಲೆ ಪ್ರಯೋಗ ಬೇಡ." ಗಂಡನ ವಿದ್ಯೆಯ ಬಗ್ಗೆ ಹೆಂಡತಿಗೆ ಅನುಮಾನ ಬಂದಾಗ ಯಾವ ಗಂಡಸೂ ಮುಚ್ಚಿಡುವುದಿಲ್ಲ.

ಹಾಳೆ ಕಾಸಿದ ಹಾಲಿನ ಕೆನೆಯ ಹಾಗೆ ಸುಕ್ಕು ಸುಕ್ಕಾಗಿ ಬಂತು. ಕೆಳಗಿನ ಅಂಟು ಹಲಸಿನ ಮೇಣದ ಅಣ್ಣ. ಬೆರಳಿನಿಂದ ಹತ್ತಿಗೆ, ಹತ್ತಿಯಿಂದ ಅಂಗಿಗೆ ಹೋಯಿತೇ ಹೊರತು ಮನೆ ಬಿಟ್ಟು ಹೋಗಲಿಲ್ಲ. ಅಂತೂ ಸಂಜೆಯ ಹೊತ್ತಿಗೆ ಗಾಜು ಥಳಥಳ ಹೊಳೆಯಿತು. ಸ್ವಿಚ್ ಹಾಕಿದೆ. ಪರದೆಯ ಮೇಲೆ ಕಪ್ಪೂ ಇಲ್ಲ, ಅಕ್ಷರವೂ ಇಲ್ಲ. ಅತ್ತೆ ಮಗಳನ್ನು ಕೇಳಿದರು, ಕಾಣುತ್ತೇನೇ ಎಂದು. ಗಿರಿಜಾಗೆ ಸುಳ್ಳು ಬರುವುದಿಲ್ಲ. "ಇಲ್ಲವ್ವಾ, ಬರೀ ಬೆಳ್ಳಗಿದೆ" ಅಂದಳು.

"ಪೊರೆ ಇದ್ದಾಗ ಅಷ್ಟಾದ್ರೂ ಕಾಣ್ತಿತ್ತು" ಎಂದು ಅತ್ತೆ ಮೆಲ್ಲಗೆ ಎದ್ದು, ಗೋಡೆ ತಡವಿಕೊಂಡು ಒಳಗೆ ಹೋದರು. ಗಿರಿಜಾ ಬ್ಲೇಡು, ಹತ್ತಿ ಎತ್ತಿ ಒಳಗಿಟ್ಟಳು. ಬೈದಿದ್ದರೆ ವಾಸಿಯಿತ್ತು.

ಬೆಳಕು ಪೋಲರಾಯ್ಡ್ ಹಾಳೆಯಲ್ಲಿ ಹೇಗೆ ಸೋಸಿ ಬರುತ್ತದೆಂದು ನಾನು ಪ್ರತಿ ವರ್ಷ ಹುಡುಗರಿಗೆ ಪಾಠ ಹೇಳುತ್ತೇನೆ. ಈ ಪರದೆಯಲ್ಲಿ ಅಕ್ಷರ ಕಾಣಿಸುವುದೇ ಅಂಥ ಹಾಳೆಯಿಂದ; ನಾನು ಕಿತ್ತದ್ದು ಹೊದಿಕೆಯನ್ನಲ್ಲ, ನೋಟವನ್ನೇ. ಇದು ನನಗೆ ಆ ಕ್ಷಣವೇ ಹೊಳೆಯಿತೆಂದು ನನ್ನ ನೆನಪು. ಇಲ್ಲ, ಮರುದಿನ ಕಾಲೇಜಿಗೆ ಹೋಗಿ ಪ್ರಯೋಗಾಲಯದ ಬೀರು ತೆಗೆದಾಗ ಹೊಳೆದದ್ದೆಂದು ಗಿರಿಜಾ ಹೇಳುತ್ತಾಳೆ. ಅವಳದನ್ನೇ ನಂಬಿ. ಅಂತೂ ಬೀರುವಿನಲ್ಲಿದ್ದ ಪೋಲರಾಯ್ಡಿನ ಕಪ್ಪು ಬಿಲ್ಲೆಯೊಂದನ್ನು ಮನೆಗೆ ತಂದು ಪರದೆಯ ಮುಂದೆ ಹಿಡಿದೆ. ಬಿಲ್ಲೆಯಷ್ಟಗಲದಲ್ಲಿ ಅಕ್ಷರಗಳು ಎದ್ದು ನಿಂತವು. ತಿರುಗಿಸಿದರೆ ಮಾಯ, ಮತ್ತೆ ತಿರುಗಿಸಿದರೆ ಹಾಜರು.

"ಅವ್ವಾ, ಅಕ್ಷರ ಬಂತು" ಎಂದು ಗಿರಿಜಾ ಕೂಗಿದಳು. ಅತ್ತೆ ಬಂದು ಬಿಲ್ಲೆಯನ್ನು ಮುಟ್ಟಿ ನೋಡಿದರು. "ಅಷ್ಟೇ ಅಲ್ವಾ? ಪೊರೆ ತೆಗೆದ ಮೇಲೆ ಕನ್ನಡಕ ಹಾಕ್ಬೇಕು. ನಿನ್ನೆನೇ ಹೇಳಬಾರದಿತ್ತಾ, ರಾತ್ರಿಯೆಲ್ಲ ನಿದ್ದೆಗೆಟ್ಟೆ" ಎಂದರು.

ಶಾಸ್ತ್ರದ ಪ್ರಕಾರ ಇದು ಶುದ್ಧ ತಪ್ಪು. ತಿದ್ದಲು ಬಾಯಿ ತೆರೆದೆ. ಗಿರಿಜಾ ನನ್ನ ಕಡೆ ನೋಡಿದಳು. ಮುಚ್ಚಿದೆ.

ಭಾನುವಾರ ಸೊರಬದಲ್ಲಿ ಒಂದು ಕಣ್ಣಿನ ಆಪರೇಷನ್ ಆಯಿತು. ಮುಂದೆ ದಪ್ಪ ಕನ್ನಡಕವೂ ಬಂತು. ಅತ್ತೆ ಈಗ ನಮ್ಮ ಮನೆಯಲ್ಲಿ ಅಕ್ಕಿಯ ಕಲ್ಲಿನಿಂದ ಹಿಡಿದು ನನ್ನ ಅಂಗಿಯ ಕಾಲರಿನ ಕೊಳೆಯವರೆಗೆ ಎಲ್ಲವನ್ನೂ ಕಾಣುತ್ತಾರೆ. ನಾನೂ ಬೆಂಗಳೂರಿನ ಅಂಗಡಿಯೊಂದರಿಂದ ಅಂಚೆಯಲ್ಲಿ ಹಾಳೆ ತರಿಸಿ ಅಂಟಿಸಿದೆ. ಹಪ್ಪಳದ ಗುಳ್ಳೆಗಳಂತೆ ಅಲ್ಲಲ್ಲಿ ಗಾಳಿ ನಿಂತಿದೆ. ಅದಕ್ಕಿಂತ ಬೇಸರವೆಂದರೆ, ಅಕ್ಷರಗಳ ಮೇಲೆ ಒಂದು ತೆಳ್ಳನೆಯ ಮಂಜು. ಹಾಳೆ ಕಳಪೆಯದೆಂದು ಅಂಗಡಿಯವನಿಗೆ ಖಾರವಾಗಿ ಬರೆದು ಹಾಕಿದೆ.

ಮೊನ್ನೆ ಅತ್ತೆಯನ್ನು ಮರುಪರೀಕ್ಷೆಗೆ ಕರೆದುಕೊಂಡು ಹೋಗಿದ್ದೆ. ಗೋಡೆಯ ಸೂಚನೆಯನ್ನು ನಾನು ತಲೆ ಓರೆ ಮಾಡಿ ಓದುತ್ತಿದ್ದುದನ್ನು ಕಂಡ ಡಾಕ್ಟರು ಸುಮ್ಮನೆ ನನ್ನ ಕಣ್ಣಿಗೂ ಟಾರ್ಚು ಬಿಟ್ಟರು. "ಎಡಗಣ್ಣಲ್ಲಿ ಈಗಷ್ಟೇ ಶುರುವಾಗಿದೆ ಮೇಷ್ಟ್ರೇ. ಅವಸರ ಇಲ್ಲ, ತೋರಿಸ್ತಾ ಇರಿ" ಎಂದರು.

ಮನೆಗೆ ಬಂದು ಲ್ಯಾಪ್‌ಟಾಪ್ ತೆರೆದೆ. ಎಡಗಣ್ಣು ಮುಚ್ಚಿದರೆ ಅಕ್ಷರ ಸ್ಫುಟ. ಬಲಗಣ್ಣು ಮುಚ್ಚಿದರೆ ಮಂಜು. ಎರಡನ್ನೂ ತೆರೆದುಕೊಂಡು ಬಹಳ ಹೊತ್ತು ಕೂತೆ. ಅತ್ತೆಗೆ ಇನ್ನೂ ಹೇಳಿಲ್ಲ. ಹೇಳಿದರೆ ಮುಂದಿನ ಶಿಬಿರ ಯಾವಾಗ ಎಂದು ವಿಚಾರಿಸಿ, ಕೈಹಿಡಿದು ಬಸ್ಸು ಹತ್ತಿಸುವವರು ಅವರೇ. ಸದ್ಯಕ್ಕೆ ನಾನು ಡಾಕ್ಟರ ಟಾರ್ಚನ್ನು ಅನುಮಾನಿಸುತ್ತಿದ್ದೇನೆ. ಸೆಲ್ಲು ಹಳೆಯದಿದ್ದಿರಬಹುದು.