ಬಾಸಿನ ಹೂವು, ನನ್ನ ರಜೆ

ದೋಹಾಕ್ಕೆ ಬಂದ ಮೇಲೆ ನನ್ನ ಪಾಲಿಗೆ ಒದಗೋದೆಲ್ಲ ಇಂಥವೇ. ನೆಟ್ಟಗೆ ಆಫೀಸಿಗೆ ಹೋಗಿ ನೆಟ್ಟಗೆ ಮನೆಗೆ ಬರೋಣ ಅಂದ್ರೂ ಏನಾದರೊಂದು ಎಡವಟ್ಟು ಕಾದು ನಿಂತಿರುತ್ತೆ. ಇದು ನಮಗೆ ಶುಕ್ರವಾರ ಒಂದೇ ದಿನ ವಾರದ ರಜೆ ಇದ್ದ ಕಾಲದ ಮಾತು.

೧. ಆಫೀಸಿಗೆಲ್ಲ ಹೂವಿನ ಹುಚ್ಚು

ಜೂನ್‌ನಲ್ಲಿ ಮೈಸೂರಲ್ಲಿ ನನ್ನ ತಮ್ಮನ ಮದುವೆ. ಇರೋನು ಒಬ್ಬನೇ ತಮ್ಮ. ಮೇ ಮುಗೀತಾ ಬಂದರೂ ನನ್ನ ರಜೆ ಅರ್ಜಿ ನಮ್ಮ ಇಂಗ್ಲಿಷ್ ಬಾಸ್ ಮೇಜಿನ ಮೇಲೆ ತಣ್ಣಗೆ ಮಲಗಿತ್ತು. ಕೇಳಿದರೆ "ನೋಡೋಣ" ಅನ್ನೋರು. ಆ ಮಹಾನುಭಾವರಿಗೆ ಕಾಡುಹೂವಿನ ಹುಚ್ಚು. ಒಂದು ದಿನ, "ಶುಕ್ರವಾರ ಮರುಭೂಮಿಗೆ ಹೂ ನೋಡೋಕೆ ಹೋಗ್ತಿದ್ದೀನಿ. ಆಸಕ್ತಿ ಇರೋರು ಮನೆಯವರ ಜೊತೆ ಬನ್ನಿ" ಅಂದರು.

ಆ ಬಿಸಿಲಲ್ಲಿ! ನಾನು ಹೂಂ ಅನ್ನೋಷ್ಟರಲ್ಲಿ ನಮ್ಮ ಮಲಯಾಳಿ ಸ್ಟೋರ್‌ಕೀಪರ್ ಎದ್ದು ನಿಂತು, "ಸರ್, ಹೂ ಅಂದ್ರೆ ನನಗೆ ಪ್ರಾಣ" ಅಂದ. ಅವನ ಮೇಜಿನ ಮೇಲಿದ್ದ ಕುಂಡದ ಗಿಡ ನೀರು ಕಾಣದೆ ಸತ್ತು ಎಷ್ಟೋ ತಿಂಗಳಾಗಿತ್ತು. ಅವನ ರಜೆ ಅರ್ಜಿನೂ ನನ್ನದರ ಕೆಳಗೇ ಇತ್ತು ಅನ್ನಿ.

೨. ಸಿದ್ಧತೆ

ವಿಸಿಟ್ ವೀಸಾದಲ್ಲಿ ಬಂದಿದ್ದ ನಮ್ಮತ್ತೆ, "ಹೂ ನೋಡೋದು ಅಂದ್ರೆ ಲಾಲ್‌ಬಾಗ್ ಥರಾನೇನೇ?" ಅಂತ ರೇಷ್ಮೆ ಸೀರೆ ತೆಗೆದರು. ಹೆಚ್ಚೂಕಮ್ಮಿ ಹಾಗೇ ಅಂದೆ. ಪುಳಿಯೋಗರೆ ಡಬ್ಬಿಗೆ ಬಿತ್ತು. ಮೇಲಿನ ಮನೆಯ ಉಡುಪಿಯವರು ಮೆಟ್ಟಿಲಲ್ಲಿ ಸಿಕ್ಕಿ, "ಒಂದು ಚೆಂಡು ಮಲ್ಲಿಗೆ ಸಿಕ್ಕಿದ್ರೆ ನಮಗೂ ತನ್ನಿ ಮಾರಾಯ್ರೆ" ಅಂದರು.

ನನ್ನ ಗಂಡ ಮಾತ್ರ ವಸ್ತುಸ್ಥಿತಿ ಬಲ್ಲವರು. "ನಿನಗೆ ರಜೆ ಸಿಗೋದಾದ್ರೆ ಕಳ್ಳಿಗಿಡಕ್ಕೂ ಉದ್ದಂಡ ನಮಸ್ಕಾರ ಹಾಕ್ತೀನಿ, ನಡಿ" ಅಂದರು.

೩. ಸೌಂದರ್ಯ ದರ್ಶನ

ಬೆಳಕು ಹರಿಯೋ ಹೊತ್ತಿಗೆ ಮರಳಲ್ಲಿದ್ದೆವು. ಬಾಸ್ ಮಂಡಿಯೂರಿ, "ಆಹಾ, ನೋಡಿ!" ಅಂದರು. ಕಣ್ಣು ಕಿರಿದು ಮಾಡಿ ಹುಡುಕಿದೆವು. ಕಿರುಬೆರಳ ಉಗುರಿನಷ್ಟು ಒಂದು ಹಳದಿ ಹೂ.

ಅತ್ತೆ ಬಗ್ಗಿ ನೋಡಿ, "ಅಯ್ಯೋ, ನೆಗ್ಗಿಲು ಮುಳ್ಳು ಕಣೇ ಇದು! ಇದಕ್ಕಾ ಇಷ್ಟು ದೂರ ಬಂದಿದ್ದು?" ಅಂದರು. ಏನಂತಾರೆ ಅಂತ ಬಾಸ್ ಕೇಳಿದರು. "ಇಷ್ಟು ಚೆಂದದ್ದು ಜನ್ಮದಲ್ಲೇ ನೋಡಿಲ್ವಂತೆ" ಅಂದೆ. ಅಷ್ಟರಲ್ಲಿ ನನ್ನ ಗಂಡ "ಅಮ್ಮಾ!" ಅಂತ ಕೂಗಿ ಕಣ್ಣಲ್ಲಿ ನೀರು ತಂದುಕೊಂಡರು. ಮುಳ್ಳು ಚಪ್ಪಲಿ ದಾಟಿ ಕಾಲಿಗೇ ಇಳಿದಿತ್ತು. ಬಾಸ್ ಅವರ ಹೆಗಲ ಮೇಲೆ ಕೈಯಿಟ್ಟು, "ಹೂ ನೋಡಿ ಅಳೋ ಗಂಡಸನ್ನ ಮೊದಲ ಸಲ ನೋಡ್ತಿದ್ದೀನಿ" ಅಂದರು.

೪. ಕೊನೆಯ ಗೊಂಚಲು

ಆಮೇಲೆ ತೋರಿಸಿದ್ದು ಅವರ ಮುದ್ದಿನ ಗಿಡ. ಸುತ್ತ ಕಲ್ಲು ಜೋಡಿಸಿಟ್ಟಿದ್ದರು. ನೋಡಿದರೆ ನಮ್ಮ ಎಕ್ಕ! ಅದರಲ್ಲಿ ಉಳಿದಿದ್ದು ಒಂದೇ ಗೊಂಚಲು ಹೂ. ಅದರ ಫೋಟೊ ಅವರ ಕ್ಲಬ್ಬಿನ ಪ್ರದರ್ಶನಕ್ಕೆ ಹೋಗಬೇಕಂತೆ. "ಬಿಸಿಲು ಸರಿಯಾಗಿ ಬಿದ್ದಿದೆ, ದೊಡ್ಡ ಲೆನ್ಸ್ ತರ್ತೀನಿ" ಅಂತ ಕಾರಿನ ಕಡೆ ಓಡಿದರು. ನಾನು ಗಂಡನ ಕಾಲಿನ ಮುಳ್ಳು ತೆಗೀತಾ ಕೂತೆ.

ತಲೆಯೆತ್ತಿದರೆ ಗಿಡದಲ್ಲಿ ಬರೀ ಎಲೆ. ಗೊಂಚಲು ಅತ್ತೆಯ ಸೆರಗಲ್ಲಿ.

"ಅತ್ತೆ! ಏನು ಮಾಡಿದ್ರಿ?"

"ಯಾಕೇ ಹಾಗೆ ಅರಚ್ತೀಯ? ಎಕ್ಕದ ಹೂ ಗಣಪತಿಗೆ ಶ್ರೇಷ್ಠ. ನಿನ್ನ ರಜೆ ಸಿಗಲಿ ಅಂತಲೇ ಕಿತ್ತೆ. ಬೀಗರ ಮನೆ ಮದುವೆಗೆ ಹೋಗದೆ ಇರೋಕಾಗುತ್ತಾ?"

ಸ್ಟೋರ್‌ಕೀಪರ್ ನನ್ನ ಕಿವಿಯಲ್ಲಿ, "ಖಲಾಸ್ ಚೇಚಿ, ನನ್ನ ರಜೆನೂ ಸೇರಿ" ಅಂದ. ಬಾಸ್ ಲೆನ್ಸ್ ಹಿಡಿದು ಬಂದರು, ಗಿಡ ನೋಡಿದರು, ಸೆರಗು ನೋಡಿದರು. ಅತ್ತೆ ಧಾರಾಳವಾಗಿ ಒಂದು ಹೂ ಆರಿಸಿ, "ತಗೋಪ್ಪಾ, ನೀನೂ ಒಂದು ದೇವರಿಗಿಡು" ಅಂತ ಅವರ ಕೈಗೆ ಹಾಕಿದರು. ಬಾಸ್ ಲೆನ್ಸನ್ನ ಹಾಗೇ ಚೀಲಕ್ಕೆ ತುಂಬಿ ಕಾರಿನ ಕಡೆ ನಡೆದರು. ತಮ್ಮನ ಮದುವೆ ಇನ್ನು ಫೋಟೊದಲ್ಲೇ ನೋಡೋದು ಅಂತ ನನಗೆ ಅಳು ಬಂತು.

ಮರುದಿನ ಬಾಸ್ ಒಳಗೆ ಕರೆದರು. ನಾನು ಎರಡು ವಾರ ಕೇಳಿದ್ದೆ, ಅವರು ಪೂರಾ ಒಂದು ತಿಂಗಳು ಬರೆದು ಸಹಿ ಹಾಕಿದ್ದರು. "ಒಂದೇ ಷರತ್ತು. ನಿಮ್ಮ ಅತ್ತೆನ ಜೊತೇಲಿ ಕರ್ಕೊಂಡು ಹೋಗಿ, ಅಲ್ಲೇ ಬಿಟ್ಟು ಬನ್ನಿ."

ಮನೆಗೆ ಬಂದು ಷರತ್ತು ನುಂಗಿಕೊಂಡು, ರಜೆ ಸಿಕ್ತು ಅಂತಷ್ಟೇ ಹೇಳಿದೆ. ಅತ್ತೆ ಗಣಪತಿ ಫೋಟೊಗೆ ಕೈಮುಗಿದು, "ಹೇಳಲಿಲ್ವಾ ನಾನು? ಅಲ್ಲೇ ಒಂದು ಬಂಡೆ ಹಿಂದೆ ಇನ್ನೊಂದು ಎಕ್ಕದ ಗಿಡ ನೋಡಿಟ್ಟಿದ್ದೀನಿ ಕಣೇ, ಮುಂದಿನ ಸಲ ನಿನ್ನ ಪ್ರಮೋಷನ್‌ಗೆ" ಅಂದರು.