ವಾರ್ಡ್ ಸಭೆಯಲ್ಲೊಬ್ಬ ಮೈಸೂರಿನವ

ನಲ್ಲಿಯಲ್ಲಿ ನೀರು ಬರದಿದ್ದರೆ, ಬೀದಿದೀಪ ಉರಿಯದಿದ್ದರೆ ಬೇರೆಯವರು ಹೋಗಿ ಕೌನ್ಸಿಲರಿಗೆ ಒಂದು ಮಾತು ಹೇಳಿ ಬರುತ್ತಾರೆ, ವಿಷಯ ಅಲ್ಲಿಗೆ ಮುಗಿಯುತ್ತದೆ. ನಾನು ಹೋದರೆ ಮಾತ್ರ ಅಲ್ಲಿಂದ ಶುರುವಾಗುತ್ತದೆ. ಯಾಕೆ ಹೀಗೆ ಅಂತ ನನಗೂ ಗೊತ್ತಿಲ್ಲ. ಹುಟ್ಟಿ ಬೆಳೆದದ್ದು ಮೈಸೂರು. ಬ್ಯಾಂಕಿನ ನೌಕರಿ ನನ್ನನ್ನು ಮೊದಲು ಕೊಚ್ಚಿಗೆ, ಆಮೇಲೆ ತಿರುವನಂತಪುರಕ್ಕೆ ತಂದು ಹಾಕಿತು. ಮೈಸೂರಿನಲ್ಲಿದ್ದಾಗ ನಮ್ಮ ವಾರ್ಡಿನ ಕಾರ್ಪೊರೇಟರ್ ಗಂಡಸೋ ಹೆಂಗಸೋ ಅನ್ನುವುದೂ ನನಗೆ ಗೊತ್ತಿರಲಿಲ್ಲ. ಇಲ್ಲಿ ಹಾಗೆ ತಪ್ಪಿಸಿಕೊಳ್ಳುವುದಕ್ಕೆ ಆಗುವುದಿಲ್ಲ. ವಾರ್ಡ್ ಸಭೆಗೆ ಮದುವೆಗೆ ಕರೆದ ಹಾಗೆ ಮನೆಮನೆಗೆ ಬಂದು ಕರೆಯುತ್ತಾರೆ. ಹೋಗದಿದ್ದರೆ ಮರುದಿನ ಹಾಲಿನವನಿಂದ ಹಿಡಿದು ಮೀನಿನವಳವರೆಗೆ ಎಲ್ಲರೂ "ಸಾರ್ ಯಾಕೆ ಬರಲಿಲ್ಲ?" ಅಂತ ವಿಚಾರಿಸುತ್ತಾರೆ. ಹೋದರೆ ಏನಾಗುತ್ತದೆ ಅನ್ನುವುದನ್ನು ಮುಂದೆ ಹೇಳಿದ್ದೇನೆ.

೧. ನಮ್ಮ ಸಂಸಾರ

ಕೊಚ್ಚಿಗೆ ಹೋದ ಹೊಸದು. ಮಟ್ಟಾಂಚೇರಿಯ ಒಂದು ಓಣಿಯಲ್ಲಿ ಬಾಡಿಗೆ ಮನೆ. ಎದುರಿಗೇ ಮೆಣಸು, ಶುಂಠಿ ತುಂಬಿಡುವ ಹಳೆಯ ಗೋದಾಮು. ಮಕ್ಕಳು ಸ್ಕೂಲಿಗೆ ಹೊರಡುವ ಹೊತ್ತಿಗೆ ಸರಿಯಾಗಿ ಲಾರಿಗಳು ಓಣಿಗೆ ನುಗ್ಗುತ್ತಿದ್ದವು. ನಮ್ಮ ಮಗಳು ಆಗ ಎರಡನೇ ಕ್ಲಾಸು. ದಿನಾ ಗೋಡೆಗೆ ಬೆನ್ನು ಹಚ್ಚಿಕೊಂಡು ಲಾರಿ ದಾಟಬೇಕಾಗಿತ್ತು.

ಇದನ್ನು ಹೇಳಿಯೇ ಬಿಡುವುದು ಅಂತ ವಾರ್ಡ್ ಸಭೆಗೆ ಹೋದೆ. ಹೆಂಡತಿಯೂ ಬಂದಳು. ಅವಳಿಗೆ ಆಗ ಬರುತ್ತಿದ್ದದ್ದು ತರಕಾರಿ ಅಂಗಡಿಯ ಮಲಯಾಳಂ ಮಾತ್ರ. ಅದರಲ್ಲೂ "ಕುರಯ್ಕಣಂ", ಅಂದರೆ ಕಡಿಮೆ ಮಾಡಿ ಅನ್ನುವ ಒಂದು ಮಾತು ಬಹಳ ಚೆನ್ನಾಗಿ ಬರುತ್ತಿತ್ತು.

ನಾನು ಎದ್ದು ನಿಂತು ಇಂಗ್ಲಿಷು ಮಲಯಾಳಂ ಕಲಸಿ ಲಾರಿಯ ಅಗಲ, ಓಣಿಯ ಅಗಲ, ಎರಡಕ್ಕೂ ಇರುವ ವ್ಯತ್ಯಾಸ ಎಲ್ಲ ವಿವರಿಸಿದೆ. ಕಾಲು ಗಂಟೆಯಾಯಿತು. ಹಿಂದಿನ ಸಾಲಿನವರು ಆಕಳಿಸುತ್ತಿದ್ದರು. ಕೌನ್ಸಿಲರನ್ನು ಓಣಿಯವರೆಲ್ಲ ಚೇಚಿ, ಅಂದರೆ ಅಕ್ಕ ಅಂತ ಕರೆಯುತ್ತಿದ್ದರು. ಆಕೆ ನನ್ನ ಕಡೆ ನೋಡಿ ನಗುತ್ತಲೇ, "ಸಾರ್, ಸಂಸಾರಂ ಕುರಯ್ಕಣಂ" ಅಂದರು.

ಮಲಯಾಳಂನಲ್ಲಿ ಸಂಸಾರ ಅಂದರೆ ಮಾತು. ಮಾತು ಕಡಿಮೆ ಮಾಡಿ ಅಂದದ್ದು ನನಗೆ ತಿಳಿಯಿತು, ಕೂತೆ. ನನ್ನ ಹೆಂಡತಿ ಎದ್ದಳು.

"ಏನ್ರೀ ಇದು? ಸಂಸಾರ ಕಡಿಮೆ ಮಾಡಿ ಅಂತಾರಲ್ಲ! ಇನ್ನೆಷ್ಟು ಕಡಿಮೆ ಮಾಡೋದು?" ಅಂತ ನನ್ನನ್ನು ಕೇಳಿ, ನಾನು ಸೆರಗು ಹಿಡಿದು ಎಳೆಯುವುದರೊಳಗೆ ಕೌನ್ಸಿಲರ್ ಕಡೆ ತಿರುಗಿ, ಕಣ್ಣಲ್ಲಿ ನೀರು ತುಂಬಿಕೊಂಡು ಕೂಗಿದಳು: "ಚೇಚೀ, ಒಂದೇ ಮೋಳ್! ಒಂದೇ ಒಂದು!"

ಮೋಳ್ ಅಂದರೆ ಮಗಳು. ಹಿಂದಿನ ಸಾಲಿನಲ್ಲಿ ಆಕಳಿಸುತ್ತಿದ್ದವರ ಬಾಯಿ ಮುಚ್ಚಿತು. ಒಬ್ಬ ಅಜ್ಜಿ ಕಣ್ಣೊರೆಸಿಕೊಂಡರು. ಆ ಲಾರಿಗಳ ನಡುವೆ ದಿನಾ ಹೋಗಬೇಕಾದ ಒಬ್ಬಳೇ ಮಗಳು ಅಂತ ಎಲ್ಲರ ಎದೆಗೂ ತಾಕಿತ್ತು. ಮುಂದಿನ ಸೋಮವಾರದಿಂದ ಸ್ಕೂಲಿನ ಹೊತ್ತಿನಲ್ಲಿ ಓಣಿಗೆ ಲಾರಿ ಬರುವುದು ನಿಂತಿತು.

ಕೆಲಸ ಆಯಿತಲ್ಲ ಅಂತ ನಾನು ಸಮಾಧಾನ ಹೇಳಿದರೆ ಹೆಂಡತಿ, "ಆಯ್ತು, ಸರಿ. ಆದರೂ ಅಷ್ಟು ಜನರ ಮುಂದೆ ಆಕೆ ಹಾಗೆ ಅನ್ನಬಾರದಿತ್ತು" ಅಂದಳು.

೨. ಕಂಬದ ನಂಬರು

ಅದೇ ಓಣಿಯ ತಿರುವಿನಲ್ಲಿ ಒಂದು ದೀಪದ ಕಂಬ. ದೀಪ ಕೆಟ್ಟು ತಿಂಗಳಾಗಿತ್ತು. ಸಂಜೆ ಟ್ಯೂಷನ್ ಹೇಳಿ ಬರುತ್ತಿದ್ದ ಒಬ್ಬ ಟೀಚರ್ ಕತ್ತಲಲ್ಲಿ ಕಾಲು ತಪ್ಪಿ ಚರಂಡಿಯಲ್ಲಿ ಬಿದ್ದು ಮಣಿಕಟ್ಟು ಉಳುಕಿಸಿಕೊಂಡರು. ನಾನು ವಿದ್ಯುತ್ ಕಚೇರಿಗೆ ಫೋನು ಮಾಡಿ ದೂರು ಕೊಟ್ಟೆ. ಫೋನಿನಲ್ಲಿದ್ದವನು ಬಹಳ ಮರ್ಯಾದೆಯಿಂದ, "ಕಂಬದ ನಂಬರು ಹೇಳಿ ಸಾರ್, ಈಗಲೇ ಜನ ಕಳಿಸ್ತೀನಿ" ಅಂದ.

ಹೋಗಿ ನೋಡಿದರೆ ನಂಬರು ಇರಬೇಕಾದ ಜಾಗದಲ್ಲಿ ನಮ್ಮ ಕೌನ್ಸಿಲರ್ ಚೇಚಿಯ ಪೋಸ್ಟರು. ಎರಡೂ ಕೈ ಜೋಡಿಸಿ ನಗುತ್ತಿದ್ದರು. ಹರಿಯೋಣ ಅಂತ ಕೈ ಎತ್ತಿದೆ. ಚಹಾದಂಗಡಿಯವನು ಅಲ್ಲಿಂದಲೇ, "ಸಾರೇ, ಬೇಡ. ಅವರ ಪಕ್ಷದ ಹುಡುಗರು ನೋಡಿದರೆ ನಿಮ್ಮನ್ನ ಎದುರು ಪಕ್ಷ ಅಂತಾರೆ. ಆ ಪಕ್ಷದವರು ನೋಡಿದರೆ ನಮ್ಮವರು ಅಂತ ಮನೆಗೆ ಬಂದುಬಿಡ್ತಾರೆ" ಅಂದ. ನಾನು ಕೇಂದ್ರ ಸರ್ಕಾರದ ಬ್ಯಾಂಕಿನವನು, ಎರಡೂ ಬೇಡ ಅಂತ ಎತ್ತಿದ ಕೈಯಿಂದ ತಲೆ ಕೆರೆದುಕೊಂಡು ವಾಪಸು ಬಂದೆ.

ಕೊನೆಗೆ ಚೇಚಿಗೇ ಹೇಳಿದೆ. ಒಳ್ಳೆಯ ಹೆಂಗಸು. "ಅಷ್ಟೇ ತಾನೆ?" ಅಂತ ಸ್ಕೂಟರ್ ಹತ್ತಿ ಬಂದು, ತಮ್ಮ ಮುಖವನ್ನು ತಾವೇ ಮೂಗಿನ ಹತ್ತಿರ ಹಿಡಿದು ಸರ್ರನೆ ಹರಿದರು. ಅದರ ಕೆಳಗೆ ಹಿಂದಿನ ಸಲ ಇದ್ದ ಕೌನ್ಸಿಲರ್ ಕೈ ಜೋಡಿಸಿ ನಗುತ್ತಿದ್ದರು. ಅವರನ್ನು ಚೇಚಿ ಇನ್ನಷ್ಟು ಉತ್ಸಾಹದಿಂದ ಹರಿದರು. ಅದರ ಕೆಳಗೆ ಅದಕ್ಕೂ ಹಿಂದಿನವರು. ಅವರ ಕೆಳಗೆ, ಠೇವಣಿ ಕಳೆದುಕೊಂಡ ಯಾರೋ ಒಬ್ಬರು. ಅಷ್ಟರಲ್ಲಿ ನಲವತ್ತು ಜನ ಸೇರಿದ್ದರು. ಪ್ರತಿಯೊಂದು ಮುಖ ಹರಿದಾಗಲೂ ಒಂದಷ್ಟು ಜನ ಚಪ್ಪಾಳೆ ತಟ್ಟುತ್ತಿದ್ದರು.

ಕಡೆಗೆ ಬರೀ ಕಂಬ ಕಂಡಿತು. ಅದರ ಮೇಲೆ ನಂಬರೇ ಇರಲಿಲ್ಲ.

ಚೇಚಿ ಕಂಬವನ್ನು ಮೇಲಿಂದ ಕೆಳಗೆ ನೋಡಿದರು. "ಅಲ್ಲ ಸಾರ್, ಲೆಕ್ಕದ ಪ್ರಕಾರ ಇಲ್ಲಿ ಕಂಬವೇ ಇಲ್ಲ" ಅಂದರು, "ಇಷ್ಟು ದಿನ ಉರೀತಿತ್ತಲ್ಲ, ಅದು ಹೇಗೆ?"

೩. ಅತ್ತೆಯವರ ಅನುಗ್ರಹ

ನಮ್ಮತ್ತೆ ಮಂಡ್ಯದವರು. ಮಗಳನ್ನು ನೋಡಲು ಬರುವಾಗ ಒಂದು ಚೀಲ ಅಚ್ಚುಬೆಲ್ಲ ತಂದಿದ್ದರು. ನಮ್ಮ ಮನೆಗೆ ಬಾವಿ ಇತ್ತು. ಆದರೆ ಓಣಿಯಲ್ಲಿ ಮೂರು ದಿನದಿಂದ ನಲ್ಲಿ ನೀರು ನಿಂತಿತ್ತು. ಹೆಂಗಸರೆಲ್ಲ ಸೇರಿ ಕೌನ್ಸಿಲರಿಗೆ ಕೊಡಲು ಅರ್ಜಿ ಬರೆದು, ಸಹಿ ಹಾಕಿಸಿಕೊಳ್ಳಲು ಮನೆಮನೆಗೆ ಹೊರಟರು. ನಾನು ಬ್ಯಾಂಕಿನಲ್ಲಿದ್ದೆ, ಹೆಂಡತಿ ಹೊರಗೆ ಹೋಗಿದ್ದಳು. ಬಾಗಿಲು ತೆಗೆದದ್ದು ಅತ್ತೆ.

"ಅಮ್ಮೇ, ಮೂನ್ನು ದಿವಸಮಾಯಿ ವೆಳ್ಳಂ ಇಲ್ಲ" ಅಂದರಂತೆ ಅವರು. ವೆಳ್ಳ ಅಂದರೆ ನೀರು. ಅತ್ತೆಗೆ ಕೇಳಿಸಿದ್ದು ಬೆಲ್ಲ.

ಮಧ್ಯಾಹ್ನ ಅತ್ತೆ ನನಗೆ ಫೋನು ಮಾಡಿದರು. "ಏನಪ್ಪಾ ಈ ಊರು! ಮೂರು ದಿನದಿಂದ ಬೆಲ್ಲ ಇಲ್ಲವಂತೆ. ಪಾಪ, ಬಿಂದಿಗೆ ಬೇರೆ ಹಿಡ್ಕೊಂಡು ಬಂದಿದ್ರು, ಅದನ್ನ ತುಂಬೋಷ್ಟು ನಾನೆಲ್ಲಿಂದ ತರಲಿ? ತಲೆಗೆ ಎರಡೆರಡು ಅಚ್ಚು ಕೊಟ್ಟು, ಕಾಗದಕ್ಕೆ ಸಹಿ ಹಾಕಿ ಕಳಿಸಿದೀನಿ. ಅಲ್ಲ, ಬೆಲ್ಲ ಇಲ್ಲದೆ ಇಷ್ಟು ಜನ ಹೇಗೆ ಬದುಕ್ತಾರೋ!"

ನನಗೆ ಗಾಬರಿಯಾಯಿತು. ನೀರು ಕೇಳಿದವರಿಗೆ ಬೆಲ್ಲ ಕೊಟ್ಟರೆ ಅಪಹಾಸ್ಯ ಮಾಡಿದ ಹಾಗಾಗುವುದಿಲ್ಲವೇ? ಸಂಜೆ ಬಂದವನೇ ಕ್ಷಮೆ ಕೇಳೋಣ ಅಂತ ಪಕ್ಕದ ಮನೆಗೆ ಹೋದೆ. ಅಲ್ಲಿ ನೋಡಿದರೆ ಸಂಭ್ರಮವೋ ಸಂಭ್ರಮ. ನಲ್ಲಿಯಲ್ಲಿ ನೀರು ಧಾರಾಕಾರ. ಅತ್ತೆಯ ಹಣೆಯ ದೊಡ್ಡ ಕುಂಕುಮ, ತಲೆ ಸವರಿ ಕೊಟ್ಟ ರೀತಿ ಎಲ್ಲ ನೋಡಿ, ಅದು ಯಾವುದೋ ದೊಡ್ಡ ದೇವಸ್ಥಾನದ ಪ್ರಸಾದ ಅಂದುಕೊಂಡು ಅವರು ಕಣ್ಣಿಗೊತ್ತಿಕೊಂಡು ತಿಂದಿದ್ದರು. ತಿಂದ ಅರ್ಧ ಗಂಟೆಗೆ ನೀರು ಬಂದಿತ್ತು.

ಮುಂದಿನ ತಿಂಗಳು ಮತ್ತೆ ನೀರು ನಿಂತಿತು. ಈ ಸಲ ಯಾರೂ ಅರ್ಜಿ ಬರೆಯಲಿಲ್ಲ. ನೇರವಾಗಿ ನಮ್ಮ ಮನೆಗೇ ಬಂದು, "ಅಮ್ಮ ಮಂಡ್ಯದಿಂದ ಯಾವಾಗ ಬರ್ತಾರೆ?" ಅಂತ ಕೇಳಿದರು.

೪. ಚಪ್ಪಡಿ ಅಂಕಲ್

ಓಣಿಯ ತುದಿಯಲ್ಲಿ ಒಬ್ಬ ಹಿರಿಯರಿದ್ದರು. ಅಂಬಲಮುಗಳ್‌ನ ತೈಲ ಶುದ್ಧೀಕರಣ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಅವರ ಮನೆಯ ಮುಂದಿನ ಚರಂಡಿಗೆ ಚಪ್ಪಡಿ ಇರಲಿಲ್ಲ. ನಾವು ಆ ಊರಿಗೆ ಹೋಗುವುದಕ್ಕೂ ಎಷ್ಟೋ ವರ್ಷ ಮೊದಲಿಂದ ಅವರು ಪ್ರತಿ ಸಭೆಯಲ್ಲೂ ಎದ್ದು, "ನನ್ನ ಮನೆ ಮುಂದೆ ಚಪ್ಪಡಿ ಯಾವಾಗ?" ಅಂತ ಕೇಳುತ್ತಿದ್ದರಂತೆ. ಇಸ್ತ್ರಿ ಮಾಡಿದ ಬಿಳಿ ಮುಂಡು ಪಂಚೆ, ಎದೆ ಜೇಬಿನಲ್ಲಿ ಪೆನ್ನು, ಮುಂದಿನ ಸಾಲಿನಲ್ಲಿ ಬಲಗಡೆಯ ಕುರ್ಚಿ. ಅವರು ಕೇಳಿದ ಮೇಲೆಯೇ ಸಭೆ ಶುರುವಾದ ಹಾಗೆ.

ಒಂದು ಸಲ ಚಪ್ಪಡಿ ಹಾಕಿಯೇಬಿಟ್ಟರು. ಅದರ ನಂತರದ ಸಭೆಗೂ ಅಂಕಲ್ ಬಂದರು. ಅದೇ ಮುಂಡು, ಅದೇ ಪೆನ್ನು, ಅದೇ ಕುರ್ಚಿ. ಅಭ್ಯಾಸಬಲದಿಂದ ಎದ್ದು ನಿಂತರು. "ನನ್ನ ಮನೆ ಮುಂದೆ..." ಅಂದು ನಿಲ್ಲಿಸಿದರು. ಮುಖ ಬಾಡಿತು. ನೋಡಿದರೆ ಅಯ್ಯೋ ಅನ್ನಿಸುವಂತಿತ್ತು. ಚೇಚಿಗೂ ಹಾಗೇ ಅನ್ನಿಸಿರಬೇಕು. "ಹೇಳಿ ಅಂಕಲ್, ಸಂಕೋಚ ಬೇಡ" ಅಂದರು.

ಅಂಕಲ್ ಜೇಬಿನ ಪೆನ್ನು ಸರಿಮಾಡಿಕೊಂಡರು. ಆಮೇಲೆ ಬೆನ್ನು ನೆಟ್ಟಗೆ ಮಾಡಿ, ದನಿ ಏರಿಸಿ ಕೇಳಿದರು: "ನನ್ನ ಮನೆ ಮುಂದೆ ಚಪ್ಪಡಿ ಹಾಕಿದಿರಲ್ಲ, ಯಾರನ್ನ ಕೇಳಿ ಹಾಕಿದಿರಿ?"

೫. ಪಟ್ಟಿ

ಆಮೇಲೆ ನನಗೆ ತಿರುವನಂತಪುರಕ್ಕೆ ವರ್ಗವಾಯಿತು. ಚಾಲೈ ಬಜಾರಿನ ಹಿಂದಿನ ಬೀದಿಯಲ್ಲಿ ಮನೆ. ಅಲ್ಲಿನ ನಿವಾಸಿಗಳ ಸಂಘದ ಕಾರ್ಯದರ್ಶಿಗೆ ವಾರ್ಡ್ ಸಭೆಯ ಹಿಂದಿನ ದಿನವೇ ಜ್ವರ ಬಂತು. ಬೀದಿಯ ಕಷ್ಟಗಳನ್ನೆಲ್ಲ ಬರೆದ ಮೂರು ಹಾಳೆ ನನ್ನ ಕೈಗೆ ಕೊಟ್ಟು, "ಸಾರ್ ನೀವೇ ಮಾತಾಡಿ. ಒಂದು ಮಾತು. ಇಂಗ್ಲಿಷ್ ಬೇಡ, ಅಚ್ಚ ಮಲಯಾಳಂನಲ್ಲಿ ಹೇಳಿದರೆ ಜನಕ್ಕೆ ಇಷ್ಟ" ಅಂದರು.

ಮಗಳನ್ನು ಒಂದು ಮಾತು ಕೇಳಿದ್ದರೆ ಚೆನ್ನಾಗಿತ್ತು. ನಾನು ಕನ್ನಡದಲ್ಲಿ ಕೇಳಿದರೆ ಮಲಯಾಳಂನಲ್ಲಿ ಉತ್ತರ ಕೊಡುವ ಹುಡುಗಿ ಅವಳು. ಆದರೆ ನನಗೆ ಅಹಂಕಾರ. ಬ್ಯಾಂಕಿನಲ್ಲಿ ಎಲ್ಲರೂ 'ಲಿಸ್ಟ್' ಅನ್ನುತ್ತಾರೆ. ಅಚ್ಚ ಮಲಯಾಳಂ ಬೇಕಲ್ಲ, 'ಪಟ್ಟಿ' ಅನ್ನೋಣ, ಅದು ಎಲ್ಲ ಭಾಷೆಗೂ ಒಂದೇ ಅಂದುಕೊಂಡೆ.

ಕೌನ್ಸಿಲರ್ ನಿವೃತ್ತ ಉಪಾಧ್ಯಾಯಿನಿ, ಎಲ್ಲರಿಗೂ ಟೀಚರ್. ನಾನು ಚೀಲವನ್ನು ಕುರ್ಚಿಯ ಕೆಳಗಿಟ್ಟು, ಎದ್ದು ಮೈಕು ಹಿಡಿದೆ.

"ಟೀಚರ್, ನಮ್ಮ ಬೀದಿಯವರೆಲ್ಲ ಸೇರಿ ಒಂದು ದೊಡ್ಡ ಪಟ್ಟಿ ಕೊಟ್ಟು ಕಳಿಸಿದ್ದಾರೆ."

ಟೀಚರ್ ಮುಖ ಗಂಭೀರವಾಯಿತು. ಪರವಾಗಿಲ್ಲ, ನಾಟಿತು ಅಂದುಕೊಂಡೆ.

"ಹೋದ ವರ್ಷವೂ ಒಂದು ಸಣ್ಣ ಪಟ್ಟಿ ಕೊಟ್ಟಿದ್ದರಂತೆ. ಯಾರೂ ನೋಡಲಿಲ್ಲ. ಅದಕ್ಕೇ ಈಗ ಇಷ್ಟು ದೊಡ್ಡದಾಗಿದೆ. ಈ ವರ್ಷವೂ ನೋಡದಿದ್ದರೆ ಇನ್ನೂ ದೊಡ್ಡದಾಗುತ್ತದೆ."

ಮುಂದಿನ ಸಾಲಿನ ಮುದುಕರೊಬ್ಬರು ಎರಡೂ ಕಾಲು ಎತ್ತಿ ಕುರ್ಚಿಯ ಮೇಲಿಟ್ಟುಕೊಂಡರು. ಟೀಚರ್ ಮೆಲ್ಲಗೆ, "ಈಗ ಎಲ್ಲಿದೆ?" ಅಂತ ಕೇಳಿದರು.

"ಇಲ್ಲೇ, ನನ್ನ ಚೀಲದಲ್ಲಿ. ನಾಲ್ಕು ಮಡಿಕೆ ಮಡಚಿ ಇಟ್ಟಿದ್ದೇನೆ."

ನನ್ನ ಎಡಬಲದವರು ಎದ್ದು ಗೋಡೆಯ ಹತ್ತಿರ ಹೋದರು. ಟೀಚರ್ ನಡುಗುವ ದನಿಯಲ್ಲಿ, "ಜೀವ ಇದೆಯೋ?" ಅಂದರು. ಪ್ರಶ್ನೆಗಳಲ್ಲಿ ಹುರುಳಿದೆಯೇ ಅಂತ ಕೇಳುತ್ತಿದ್ದಾರೆ, ಎಂಥ ಸೂಕ್ಷ್ಮ ಮನಸ್ಸು ಅಂತ ನನಗೆ ಮೆಚ್ಚುಗೆಯಾಯಿತು. "ತುಂಬಾ ಇದೆ ಟೀಚರ್! ತೆಗೆದು ನಿಮ್ಮ ಕೈಗೇ ಕೊಡ್ತೀನಿ, ಮನೆಗೆ ತಗೊಂಡು ಹೋಗಿ ನಿಧಾನವಾಗಿ ನೋಡಿ" ಅಂತ ಚೀಲಕ್ಕೆ ಕೈ ಹಾಕಿದೆ.

"ಬೇಡ! ತೆಗೀಬೇಡಿ!" ಟೀಚರ್ ಕುರ್ಚಿಯ ಹಿಂದೆ ನಿಂತಿದ್ದರು. "ನೀವು ಮನೆಗೆ ಹೋಗಿ ಸಾರ್. ನಾಳೆ ಬೆಳಗ್ಗೆ ನಿಮ್ಮ ಮನೆಗೇ ಜನ ಕಳಿಸ್ತೀನಿ."

ನಾನು ಎದೆಯುಬ್ಬಿಸಿಕೊಂಡು ಮನೆಗೆ ಬಂದೆ. ಹೆಂಡತಿಗೆ ಹೇಳಿದೆ, "ನೋಡು, ಮಾತಾಡೋ ರೀತೀಲಿ ಮಾತಾಡಿದರೆ ಮನೆ ಬಾಗಿಲಿಗೇ ಬರ್ತಾರೆ."

ನಿಜವಾಗಿಯೂ ಬಂದರು. ಬೆಳಗ್ಗೆ ಎಂಟಕ್ಕೆ ಒಂದು ವ್ಯಾನು ನಿಂತಿತು. ಇಬ್ಬರು ಇಳಿದರು. ಒಬ್ಬನ ಕೈಯಲ್ಲಿ ದೊಡ್ಡ ಬಲೆ, ಇನ್ನೊಬ್ಬನ ಕೈಯಲ್ಲಿ ರಿಜಿಸ್ಟರು. "ಸಾರೇ, ಪಟ್ಟಿ ಎವಿಡೆ?" ಅಂದರು, ಎಲ್ಲಿ ಅಂತ. ನಾನು ಓಡಿಹೋಗಿ ಮೂರು ಹಾಳೆ ತಂದು ಕೈಗಿಟ್ಟೆ. ಬಲೆಯವನು ಹಾಳೆಯನ್ನು ತಿರುಗಿಸಿ ಮುರುಗಿಸಿ ನೋಡಿ, ನನ್ನ ಕಾಲ ಸಂದಿಯಿಂದ ಮನೆಯೊಳಗೆ ಬಗ್ಗಿ ನೋಡಿದ.

ಹಿಂದಿನಿಂದ ಧಡ್ ಅಂತ ಸದ್ದಾಯಿತು. ಮಗಳು ನಗು ತಡೆಯಲಾರದೆ ನೆಲದ ಮೇಲೆ ಕೂತುಬಿಟ್ಟಿದ್ದಳು. "ಅಪ್ಪಾ, ಪಟ್ಟಿ ಅಂದರೆ ನಾಯಿ!" ಅಂದಳು. ಎಷ್ಟೋ ವರ್ಷಗಳ ಮೇಲೆ ಅವಳು ನನ್ನ ಹತ್ತಿರ ಪೂರ್ತಿ ಕನ್ನಡದಲ್ಲಿ ಆಡಿದ ಮಾತು ಅದು.

ಮಲಯಾಳಂ ಪತ್ರಿಕೆಯಲ್ಲಿ ನಾಯಿಗೆ 'ನಾಯ' ಅಂತ ಓದಿ ಅದನ್ನಷ್ಟೇ ಕಲಿತಿದ್ದೆ. ಇನ್ನೊಂದು ಹೆಸರೂ ಇದೆ ಅಂತ ನನಗೆ ಯಾರು ಹೇಳಬೇಕು? ಹಿಂದಿನ ಸಂಜೆ ಆಡಿದ್ದೆಲ್ಲ ಒಂದೊಂದಾಗಿ ನೆನಪಾಯಿತು. ಸಣ್ಣ ನಾಯಿ ಕೊಟ್ಟಿದ್ದರಂತೆ, ಯಾರೂ ನೋಡಿಕೊಳ್ಳಲಿಲ್ಲ, ಈಗ ದೊಡ್ಡದಾಗಿದೆ, ನಾಲ್ಕು ಮಡಿಕೆ ಮಡಚಿ ತಂದಿದ್ದೇನೆ, ಜೀವ ತುಂಬಾ ಇದೆ.

ನಾನು ಕೈ ಮುಗಿದು, "ತಪ್ಪಾಯಿತು, ನೀವು ಹೊರಡಿ" ಅಂದೆ. ರಿಜಿಸ್ಟರಿನವನು ಒಪ್ಪಲಿಲ್ಲ. ಬಂದ ಮೇಲೆ ಬರೆಯದೆ ಹೋದರೆ ಆಫೀಸಿನಲ್ಲಿ ಅವನನ್ನು ಕೇಳುತ್ತಾರಂತೆ. ಜಗುಲಿಯ ಮೇಲೆ ಕೂತು, ಮೂರು ಹಾಳೆಯನ್ನೂ ವ್ಯಾನಿನಲ್ಲಿ ಜೋಪಾನವಾಗಿಡಿಸಿ, ಅಚ್ಚುಕಟ್ಟಾಗಿ ತುಂಬಿ ರಸೀದಿ ಹರಿದು ಕೊಟ್ಟ. ಕೊಚ್ಚಿಯಿಂದ ಇಲ್ಲಿಯವರೆಗೆ ನಾನು ಕೊಟ್ಟ ದೂರುಗಳಲ್ಲಿ ರಸೀದಿ ಸಿಕ್ಕಿದ್ದು ಅದೊಂದಕ್ಕೇ. ಮಗಳು ಅದನ್ನು ಓದಿ ಹೇಳಿದಳು:

"ಸಿಕ್ಕಿದ ಪಟ್ಟಿ: ಒಂದು. ಬಣ್ಣ: ಬಿಳಿ. ಕಚ್ಚುತ್ತದೆಯೇ: ಇಲ್ಲ. ಲಸಿಕೆ: ಹಾಕಿಸಿಲ್ಲ. ಮಾಲೀಕರ ಸ್ವಭಾವ: ಎಚ್ಚರಿಕೆ ಅಗತ್ಯ."